ನ್ಯುಮೋನಿಯಾದ ನಂತರ ಮನೆಯಲ್ಲಿ ಚೇತರಿಕೆ: ಹಾಸಿಗೆಯಿಂದ ಹೊಲದವರೆಗೆ

ಕೋಲಾರದ ಕಡೆ ರಾಗಿ ಒಕ್ಕಣೆಯ ದಿನಗಳಲ್ಲಿ ಚಳಿಯೂ ಧೂಳೂ ಒಟ್ಟಿಗೇ ಬರುತ್ತವೆ. ಎದೆಗೆ ಸೋಂಕು ಇಳಿದು ಆಸ್ಪತ್ರೆ ಸೇರಿದವರು ಜ್ವರ ಬಿಟ್ಟು, ಆಮ್ಲಜನಕದ ನಳಿಕೆ ತೆಗೆದು, ಮಾತ್ರೆ ನುಂಗುವಂತಾದ ಕೂಡಲೇ ಮನೆಗೆ ಬರುತ್ತಾರೆ. ಕಾಯಿಲೆ ಮುಗಿಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಶ್ವಾಸಕೋಶ ಇನ್ನೂ ಮಾಗುತ್ತಲೇ ಇರುತ್ತದೆ. ಸಾಮಾನ್ಯವಾಗಿ ಜ್ವರ ಒಂದು ವಾರದಲ್ಲಿ ಬಿಡುತ್ತದೆ. ಎದೆನೋವು, ಕಫ ತಗ್ಗಲು ಸುಮಾರು 4 ವಾರ, ಕೆಮ್ಮು ಮತ್ತು ಏದುಸಿರು ತಗ್ಗಲು 6 ವಾರ ಬೇಕು. 3 ತಿಂಗಳಾದರೂ ಸುಸ್ತು ಉಳಿದಿರಬಹುದು. ಪೂರ್ತಿ ಮೊದಲಿನಂತಾಗಲು 6 ತಿಂಗಳು ಹಿಡಿದರೂ ಅದು ಅಸಹಜವಲ್ಲ.

ಈ ಅವಧಿಯಲ್ಲಿ ಕೆಲವು ಮನೆಗಳಲ್ಲಿ, "ಮಾವ, ನೀವು ಏಳಬೇಡಿ, ಏನು ಬೇಕೋ ಕೇಳಿ" ಎಂದು ನೀರಿನ ಲೋಟವನ್ನೂ ಕೈಗೇ ಕೊಡುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ವಾರ ತುಂಬುವ ಮೊದಲೇ ರೋಗಿ ಟೊಮೆಟೊ ತೋಟದಲ್ಲಿರುತ್ತಾರೆ. ಎರಡೂ ಕೆಡುಕೇ. ನನ್ನನ್ನು ಕೇಳಿದರೆ, ಪ್ರೀತಿಯಿಂದ ಮಲಗಿಸಿಬಿಡುವುದೇ ಹೆಚ್ಚು ಅಪಾಯ, ಏಕೆಂದರೆ ಅದು ತಪ್ಪು ಎಂದು ಯಾರಿಗೂ ಅನ್ನಿಸುವುದಿಲ್ಲ. ಮಲಗಿದಲ್ಲೇ ಇದ್ದರೆ ಕಾಲಿನ ಸ್ನಾಯು ಕರಗುತ್ತದೆ, ಶ್ವಾಸಕೋಶದ ತಳಭಾಗದಲ್ಲಿ ಕಫ ನಿಲ್ಲುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚುತ್ತದೆ. ದಿನವೂ ಸ್ವಲ್ಪ ಸ್ವಲ್ಪವೇ ಶ್ರಮ ಹೆಚ್ಚಿಸುತ್ತಾ ಹೋಗುವುದೇ ಸರಿಯಾದ ದಾರಿ.

ಮನೆಗೆ ಬಂದ ದಿನ

ಮೊದಲು ಡಿಸ್ಚಾರ್ಜ್ ಚೀಟಿ ಹಿಡಿದು ಕುಳಿತುಕೊಳ್ಳಿ. ಯಾವ ಮಾತ್ರೆ ಎಷ್ಟು ದಿನ, ಊಟಕ್ಕೆ ಮೊದಲೋ ನಂತರವೋ ಎಂಬುದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಜ್ವರ ಬಿಟ್ಟಿತೆಂದು ಆ್ಯಂಟಿಬಯೋಟಿಕ್ ನಿಲ್ಲಿಸಬೇಡಿ. ಸ್ಟಿರಾಯ್ಡ್ ಮಾತ್ರೆ ಇದ್ದರೆ ಅದನ್ನು ವೈದ್ಯರು ಹೇಳಿದ ಕ್ರಮದಲ್ಲೇ ಇಳಿಸಬೇಕು, ಹಠಾತ್ತನೆ ಬಿಡಬಾರದು. ಸ್ಟಿರಾಯ್ಡ್‌ನಿಂದ ರಕ್ತದ ಸಕ್ಕರೆ ಏರುತ್ತದೆ. ಮಧುಮೇಹಿಗಳು ರಕ್ತ ಪರೀಕ್ಷೆಯನ್ನು ತಪ್ಪಿಸುವಂತಿಲ್ಲ.

ಕಿಟಕಿ ಇರುವ ಕೋಣೆ ಕೊಡಿ. ಚಳಿಯೆಂದು ಎಲ್ಲವನ್ನೂ ಮುಚ್ಚದೆ, ಬಿಸಿಲು ಏರಿದ ಮೇಲೆ ತೆರೆದಿಡಿ. ಸೌದೆ ಒಲೆ, ಸ್ನಾನದ ನೀರು ಕಾಯಿಸುವ ಹಂಡೆ ಒಲೆ, ಸೊಳ್ಳೆ ಬತ್ತಿ, ಸಾಂಬ್ರಾಣಿ, ಇವುಗಳ ಹೊಗೆ ಆ ಕೋಣೆಗೆ ಬರಬಾರದು. ಬೀಡಿ, ಸಿಗರೇಟನ್ನು ರೋಗಿ ಮಾತ್ರವಲ್ಲ, ಮನೆಯಲ್ಲಿ ಯಾರೂ ಸೇದಬಾರದು. ಮನೆಯಲ್ಲಿ ಆಮ್ಲಜನಕದ ಯಂತ್ರ ಇದ್ದರಂತೂ ಹತ್ತಿರದಲ್ಲಿ ದೀಪ, ಬೆಂಕಿಕಡ್ಡಿ ಕೂಡ ಕೂಡದು.

ಉಸಿರನ್ನು ಮತ್ತೆ ಕಲಿಸುವುದು

ಏದುಸಿರು ಬಂದಾಗ ಬಹುತೇಕರು ಗಾಬರಿಯಿಂದ ಬೇಗಬೇಗ ಗಾಳಿ ಎಳೆಯುತ್ತಾರೆ. ಅದರಿಂದ ದಣಿವು ಇನ್ನೂ ಏರುತ್ತದೆ. ಆಗ ಕುರ್ಚಿಯಲ್ಲಿ ಕುಳಿತು ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ. ಮೂಗಿನಿಂದ ಎರಡು ಎಣಿಸುವಷ್ಟು ಉಸಿರು ತೆಗೆದುಕೊಂಡು, ತುಟಿ ಕೂಡಿಸಿ ಸಣ್ಣ ಸಂದಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಬಿಡಿ. ಮೆಟ್ಟಿಲು ಹತ್ತುವಾಗ, ಕೊಡ ಎತ್ತುವಾಗ ಶ್ರಮ ಬೀಳುವ ಕ್ಷಣದಲ್ಲೇ ಉಸಿರು ಬಿಡುವುದನ್ನು ರೂಢಿಸಿಕೊಳ್ಳಿ.

ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡುಗಳ ಸ್ಪೈರೋಮೀಟರನ್ನು ಅನೇಕರು ಪೀಪಿಯಂತೆ ಊದುತ್ತಾರೆ. ಅದು ಊದುವುದಲ್ಲ, ಎಳೆಯುವುದು. ಬೆನ್ನು ನೆಟ್ಟಗಿಟ್ಟು ಕುಳಿತು, ಒಳಗಿನ ಉಸಿರನ್ನು ಪೂರ್ತಿ ಬಿಟ್ಟು, ನಳಿಕೆಯ ಸುತ್ತ ತುಟಿ ಬಿಗಿದು ನಿಧಾನವಾಗಿ ಎಳೆಯಿರಿ. ಮೊದಲ ಚೆಂಡು ಏರುತ್ತದೆ. ಅದನ್ನು ಎರಡು ಮೂರು ಸೆಕೆಂಡು ಮೇಲೇ ನಿಲ್ಲಿಸಿ, ನಳಿಕೆ ತೆಗೆದು ಉಸಿರು ಬಿಡಿ. ಮೂರನೆಯ ಚೆಂಡು ಏರಲೇಬೇಕೆಂಬ ಹಟ ಬೇಡ. ಜೋರಾಗಿ ಎಳೆದು ಮೂರನ್ನೂ ಹಾರಿಸುವುದಕ್ಕಿಂತ ನಿಧಾನವಾಗಿ ಎಳೆದು ಒಂದನ್ನು ನಿಲ್ಲಿಸುವುದೇ ಶ್ವಾಸಕೋಶದ ತಳದವರೆಗೆ ಗಾಳಿ ತುಂಬುತ್ತದೆ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ, ನಡುನಡುವೆ ಬಿಡುವು ಕೊಟ್ಟು ಮಾಡಿ. ತಲೆ ತಿರುಗಿದರೆ ನಿಲ್ಲಿಸಿ.

ಕಫ ಹೊರಬರಲು ಗಂಟಲು ಹರಿಯುವಂತೆ ಕೆಮ್ಮಬೇಕಾಗಿಲ್ಲ. ಆಳವಾಗಿ ಉಸಿರು ತೆಗೆದುಕೊಂಡು, ಕನ್ನಡಿಯ ಮೇಲೆ ಆವಿ ಕೂರಿಸುವ ಹಾಗೆ ಬಾಯಿ ತೆರೆದು "ಹಾ" ಎಂದು ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಕಫ ಮೇಲೆ ಬರುತ್ತದೆ. ಆಗ ಒಂದು ಸಣ್ಣ ಕೆಮ್ಮು ಸಾಕು. ಹಬೆ ತೆಗೆದುಕೊಂಡರೆ ಮೂಗಿಗೆ ಹಿತ, ಸೋಂಕಿಗೆ ಔಷಧವಲ್ಲ. ವಯಸ್ಸಾದವರ ಮುಂದೆ ಕುದಿಯುವ ಪಾತ್ರೆ ಇಡಬೇಡಿ.

ನಡಿಗೆ

ಮೊದಲ ಎರಡು ಮೂರು ದಿನ ಗಂಟೆಗೊಮ್ಮೆ ಎದ್ದು ನಡುಮನೆ ದಾಟಿ ಬಂದರೆ ಸಾಕು. ಬಚ್ಚಲಿಗೆ ತಾವೇ ನಡೆದು ಹೋಗಲಿ, ಒಬ್ಬರು ಹಿಂದೆ ಇರಲಿ. ಸ್ನಾನ ಮಾಡುವಾಗ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತುಕೊಳ್ಳಲಿ. ಆಮೇಲೆ ಸಮತಟ್ಟಾದ ಅಂಗಳದಲ್ಲಿ ಬೆಳಿಗ್ಗೆ ಐದು, ಸಂಜೆ ಐದು ನಿಮಿಷ. ಮರುದಿನ ಮೈ ಹಗುರವಾಗಿದ್ದರೆ ಒಂದೆರಡು ನಿಮಿಷ ಹೆಚ್ಚಿಸಿ. ಹಿಂದಿನ ದಿನಕ್ಕಿಂತ ಸುಸ್ತಾಗಿ ಎದ್ದರೆ ಹಳೆಯ ಲೆಕ್ಕಕ್ಕೆ ಮರಳಿ. ನಡೆಯುತ್ತಾ ಒಂದು ಪೂರ್ಣ ವಾಕ್ಯ ಆಡಲು ಬಂದರೆ ವೇಗ ಸರಿಯಾಗಿದೆ, ಎರಡು ಪದಕ್ಕೇ ಉಸಿರು ಕಟ್ಟಿದರೆ ನಿಲ್ಲಬೇಕು. ಊರಿನ ಹಾಲಿನ ಡೇರಿಯವರೆಗೆ ನಿಲ್ಲದೆ ಹೋಗಿಬರುವುದನ್ನು ಗುರಿಯಾಗಿಟ್ಟುಕೊಳ್ಳಿ. ಖಾಲಿ ಕೈಯಲ್ಲಿ, ಕ್ಯಾನ್ ಹೊತ್ತು ಅಲ್ಲ.

ಆಕ್ಸಿಮೀಟರ್ ಮತ್ತು ಅಪಾಯದ ಸೂಚನೆ

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು ತೋರಿಸುತ್ತದೆ. ಐದು ನಿಮಿಷ ಕುಳಿತು ದಣಿವಾರಿಸಿಕೊಂಡ ಮೇಲೆಯೇ ಅಳೆಯಿರಿ. ಬೆರಳು ಬೆಚ್ಚಗಿರಲಿ, ಉಗುರಿನಲ್ಲಿ ಬಣ್ಣ, ಮೆಹೆಂದಿ ಇಲ್ಲದಿರಲಿ. ಅಂಕಿ ಒಂದು ನಿಮಿಷ ಸ್ಥಿರವಾಗುವವರೆಗೆ ಕಾಯಿರಿ. 95 ಮತ್ತು ಮೇಲಿದ್ದರೆ ಚಿಂತೆಯಿಲ್ಲ. 93-94 ತೋರಿಸಿದರೆ ವೈದ್ಯರಿಗೆ ಫೋನ್ ಮಾಡಿ. 92ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಆಸ್ಪತ್ರೆಗೆ ಹೊರಡಿ. ಮೊದಲೇ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಈ ಅಂಕಿಗಳು ಬೇರೆ. ಅವರು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಬಿಟ್ಟಿದ್ದ ಜ್ವರ ಮರುಕಳಿಸಿದರೆ ತಡಮಾಡದೆ ಅದೇ ದಿನ ವೈದ್ಯರಿಗೆ ತೋರಿಸಿ. ಕುಳಿತಲ್ಲೇ ಏದುಸಿರು, ತುಟಿ ನೀಲಿಯಾಗುವುದು, ಹೊಸದಾಗಿ ಬಂದ ಅಥವಾ ಹೆಚ್ಚುತ್ತಿರುವ ಎದೆನೋವು, ಕಫದಲ್ಲಿ ರಕ್ತ, ಒಂದೇ ಕಾಲು ಊದಿಕೊಂಡು ನೋಯುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಹಿರಿಯರಲ್ಲಿ ಸೋಂಕು ಜ್ವರವಿಲ್ಲದೆಯೂ ಉಲ್ಬಣಿಸುತ್ತದೆ. ಇದ್ದಕ್ಕಿದ್ದಂತೆ ಮಂಕಾಗುವುದು, ಸಂಬಂಧವಿಲ್ಲದ ಮಾತಾಡುವುದು, ಊಟ ಬಿಡುವುದೇ ಮೊದಲ ಸೂಚನೆ. ಇದನ್ನು "ವಯಸ್ಸಾಯಿತು" ಎಂದು ತಳ್ಳಿಹಾಕಬೇಡಿ.

ಊಟ

ಗಂಜಿ, ತಿಳಿಸಾರಿನಲ್ಲೇ ವಾರಗಟ್ಟಲೆ ಇಡುವುದು ನಮ್ಮಲ್ಲಿ ವಾಡಿಕೆ. ಕರಗಿದ ಸ್ನಾಯು ತುಂಬಲು ಪ್ರೋಟೀನ್ ಬೇಕು: 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 70 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮುದ್ದೆ ಇರಲಿ, ಜೊತೆಗೆ ಮೊಳಕೆ ಹುರುಳಿಯ ಸಾರು, ಹೆಸರುಕಾಳಿನ ಬಸ್ಸಾರು, ಸುಗ್ಗಿಯಲ್ಲಿ ಹಿತುಕಿದ ಅವರೆಬೇಳೆ, ತಿನ್ನುವವರಿಗೆ ಕೋಳಿ, ಮೀನು ಇರಲಿ. ಮೊಸರು, ಬಾಳೆಹಣ್ಣು ಶೀತವೆಂದು ಬಿಡಿಸುವುದಕ್ಕೆ ಕಾರಣವಿಲ್ಲ. ರುಚಿ ಕೆಟ್ಟಿರುವಾಗ ತಟ್ಟೆ ತುಂಬ ಬಡಿಸುವ ಬದಲು ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಮಲಗಿಸಿ ಉಣಿಸಬೇಡಿ, ತುತ್ತು ಶ್ವಾಸನಾಳಕ್ಕೆ ಇಳಿದರೆ ಮತ್ತೆ ನ್ಯುಮೋನಿಯಾ. ಮೂತ್ರಪಿಂಡದ ತೊಂದರೆ ಇದ್ದವರು ಪ್ರೋಟೀನ್ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ನೋಡಲು ಬರುವವರು

ಹಣ್ಣು, ಬ್ರೆಡ್ಡು ಹಿಡಿದು ಬಂಧುಗಳು ಬರುತ್ತಾರೆ. ಬರಬೇಡಿ ಎನ್ನಲು ಬಾಯಿ ಬರುವುದಿಲ್ಲ. ಆದರೆ ಕಾಯಿಲೆಯ ಕಥೆಯನ್ನು ಮತ್ತೆ ಮತ್ತೆ ಹೇಳುವುದೇ ದುರ್ಬಲ ಶ್ವಾಸಕೋಶಕ್ಕೆ ದೊಡ್ಡ ಶ್ರಮ. ಮನೆಯ ಒಬ್ಬರು ಜಗಲಿಯಲ್ಲೇ ಕೂರಿಸಿ ಸಮಾಚಾರ ಹೇಳಲಿ. ನೆಗಡಿ, ಕೆಮ್ಮು ಇದ್ದವರನ್ನು ಖಂಡಿತ ಒಳಗೆ ಬಿಡಬೇಡಿ. ನಿದ್ದೆ ಬಾರದಿರುವುದು, ಮತ್ತೆ ಉಸಿರು ಕಟ್ಟೀತೆಂಬ ಭಯ ಕೂಡ ಈ ಕಾಯಿಲೆಯ ಹಿಂದೆಯೇ ಬರುತ್ತವೆ. ಅದಕ್ಕೆ 14416 ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕೆಲಸಕ್ಕೆ ಮರಳುವುದು, ಮರುತಪಾಸಣೆ

ಕುಳಿತು ಮಾಡುವ ಕೆಲಸ ಮೊದಲು. ರಾಗಿ ತೂರುವುದು, ಔಷಧಿ ಸಿಂಪಡಿಸುವುದು, ರೇಷ್ಮೆ ಹುಳುವಿನ ಮನೆಯಲ್ಲಿ ಸುಣ್ಣದ ಪುಡಿ ಉದುರಿಸುವುದು ಕೊನೆಗೆ, ವೈದ್ಯರು ಎದೆ ಪರೀಕ್ಷಿಸಿ ಒಪ್ಪಿದ ಮೇಲೆ, ಮಾಸ್ಕ್ ಹಾಕಿಕೊಂಡು.

6 ವಾರಗಳ ನಂತರವೂ ಕೆಮ್ಮು, ಏದುಸಿರು ಉಳಿದಿದ್ದರೆ, ಅಥವಾ ರೋಗಿ 50 ದಾಟಿದವರೋ ಧೂಮಪಾನಿಯೋ ಆಗಿದ್ದರೆ, ಎದೆಯ ಎಕ್ಸ್‌ರೇ ಮತ್ತೆ ತೆಗೆಸಬೇಕು. ಕೆಮ್ಮು ಎರಡು ವಾರ ಮೀರಿದವರು ಕ್ಷಯದ ಕಫ ಪರೀಕ್ಷೆಯನ್ನು ಮಾಡಿಸಿಕೊಳ್ಳಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯಲ್ಲಿ ದುಡಿದವರು, ಕಲ್ಲು ಕ್ವಾರಿಯಲ್ಲಿರುವವರು ಇದನ್ನು ಬಿಡಲೇಬಾರದು. ಕಲ್ಲಿನ ಧೂಳು ಕುಳಿತ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ. 65 ದಾಟಿದವರು, ಮಧುಮೇಹ, ಹೃದ್ರೋಗ ಇದ್ದವರು ಅದೇ ಭೇಟಿಯಲ್ಲಿ ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಯ ಬಗ್ಗೆ ಕೇಳಿ. ಹೋಗುವಾಗ ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಆಕ್ಸಿಮೀಟರ್ ಅಂಕಿ ಮತ್ತು ನಡಿಗೆಯ ನಿಮಿಷ ಬರೆದ ಪುಸ್ತಕ, ಮೂರನ್ನೂ ಒಯ್ಯಿರಿ.