ಗಾಜಿನ ಗೀರು ತೆಗೆಯಲು ಸೀರಿಯಂ ಆಕ್ಸೈಡ್ ಬಳಸುವ ಬಗೆ

ಮೊದಲು ಗೀರಿನ ಆಳವನ್ನು ತಿಳಿದುಕೊಳ್ಳಬೇಕು. ಗೀರಿಗೆ ಅಡ್ಡವಾಗಿ ಉಗುರನ್ನು ಎಳೆದಾಗ ಅದು ಎಲ್ಲಿಯೂ ತಡೆಯದೆ ಜಾರಿದರೆ ಸೀರಿಯಂ ಆಕ್ಸೈಡ್ ಎಂಬ ಹೊಳಪಿನ ಪುಡಿಯಿಂದ ಕೆಲಸವಾಗುತ್ತದೆ. ಉಗುರು ಸಿಕ್ಕಿಕೊಂಡರೆ, ಒರಟು ಪುಡಿಯಿಂದ ಆ ಜಾಗವನ್ನು ಮಟ್ಟ ಮಾಡಿಕೊಳ್ಳದೆ ಇದೊಂದರಿಂದಲೇ ಗೀರು ಹೋಗುವುದಿಲ್ಲ. ಲೇಪನವಿರುವ ಕನ್ನಡಕಕ್ಕಾಗಲಿ ಕ್ಯಾಮೆರಾ ಲೆನ್ಸಿಗಾಗಲಿ ಇದನ್ನು ಹಚ್ಚಲೇಬಾರದು, ಏಕೆಂದರೆ ಗೀರಿಗಿಂತ ಮೊದಲು ಲೇಪನವೇ ಕಿತ್ತುಹೋಗುತ್ತದೆ.

ಪುಡಿಯ ಸ್ವಭಾವ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. 1803ರಲ್ಲಿ ಸ್ವೀಡನ್ನಿನಲ್ಲಿ ಬರ್ಜೀಲಿಯಸ್ ಮತ್ತು ಹಿಸಿಂಗರ್, ಜರ್ಮನಿಯಲ್ಲಿ ಕ್ಲಾಪ್ರೋತ್ ಕಂಡುಹಿಡಿದ ಸೀರಿಯಂ, ಪರಮಾಣು ಸಂಖ್ಯೆ 58ರ ಧಾತು. ವಿರಳ ಭೂಧಾತುಗಳ ಸಾಲಿಗೆ ಸೇರಿದ್ದರೂ ಭೂಮಿಯ ತೊಗಟೆಯಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇರುವುದರಿಂದ ಆ ಹೆಸರು ಇದಕ್ಕೆ ಒಪ್ಪುವುದಿಲ್ಲ. ಮೂರು ಎಲೆಕ್ಟ್ರಾನ್ ಬಿಟ್ಟುಕೊಟ್ಟ +3 ಮತ್ತು ನಾಲ್ಕು ಬಿಟ್ಟುಕೊಟ್ಟ +4 ಎಂಬ ಎರಡು ಸ್ಥಿತಿಗಳ ನಡುವೆ ಸುಲಭವಾಗಿ ಓಡಾಡುವುದೇ ಇದರ ವಿಶೇಷ ಗುಣ. ವಾಹನಗಳ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಆಮ್ಲಜನಕ ಹೆಚ್ಚಾದಾಗ ಹಿಡಿದಿಟ್ಟುಕೊಂಡು, ಕಡಿಮೆಯಾದಾಗ ಬಿಟ್ಟುಕೊಡಲು ಸಾಧ್ಯವಾಗುವುದು ಈ ಗುಣದಿಂದಲೇ. ಗಾಜಿನ ಮೇಲಾದರೋ, ನೀರು ತಾಗಿ ಮೆತ್ತಗಾದ ತೆಳುಪದರದ ಸಿಲಿಕಾದೊಂದಿಗೆ (ಗಾಜಿನ ಮುಖ್ಯ ವಸ್ತು) ಸೀರಿಯಂ ಆಕ್ಸೈಡ್ ರಾಸಾಯನಿಕವಾಗಿ ಬೆಸೆದುಕೊಂಡು, ಅದನ್ನು ಕಣಕಣವಾಗಿ ಎಬ್ಬಿಸುತ್ತದೆ. ಗಡಸುತನದಲ್ಲಿ ಗಾಜಿಗಿಂತ ಅಷ್ಟೇನೂ ಮಿಗಿಲಲ್ಲದ ಈ ಪುಡಿ ವಜ್ರದ ಪುಡಿಗಿಂತ ನುಣುಪಾದ ಹೊಳಪು ಕೊಡುವುದು ಇದೇ ಕಾರಣಕ್ಕೆ. ಆದ್ದರಿಂದ ಇಲ್ಲಿ ಬೇಕಾದದ್ದು ತೋಳಿನ ಬಲವಲ್ಲ, ನೀರು ಮತ್ತು ತಾಳ್ಮೆ.

ಗಾಜನ್ನು ಚೆನ್ನಾಗಿ ತೊಳೆದು, ಗೀರಿನ ಸುತ್ತ ಹಿಂಬದಿಯಿಂದ ಮಾರ್ಕರಿನಲ್ಲಿ ಗುರುತು ಹಾಕಿಕೊಳ್ಳಿ. ಕಲಸಿದ ಪುಡಿ ಹರಡಿದ ಮೇಲೆ ಗೀರು ಎಲ್ಲಿತ್ತೆಂಬುದೇ ಕಾಣಿಸುವುದಿಲ್ಲ. ಪುಡಿ ಉಸಿರಿನೊಳಗೆ ಹೋಗದಂತೆ ಮಾಸ್ಕ್ ಧರಿಸಿ, ನೀರು ಬೆರೆಸಿ ಪೇಂಟಿನ ಹದಕ್ಕೆ ಕಲಸಿಕೊಳ್ಳಿ. (ಶುದ್ಧ ಸೀರಿಯಂ ಆಕ್ಸೈಡ್ ತಿಳಿಹಳದಿ, ಹೊಳಪಿನ ಪುಡಿ ನಸುಗೆಂಪಾಗಿದ್ದರೆ ಬೇರೆ ವಿರಳ ಭೂಧಾತುಗಳು ಬೆರೆತಿರುತ್ತವೆ, ಕಲಬೆರಕೆಯೆಂದು ಗಾಬರಿಯಾಗಬೇಕಿಲ್ಲ.) ಪುಡಿ ಬೇಗ ತಳಕ್ಕಿಳಿಯುವುದರಿಂದ ಪ್ರತಿ ಸಲವೂ ಕಲಕಿಯೇ ತೆಗೆದುಕೊಳ್ಳಬೇಕು.

ನೆನೆಸಿದ ಫೆಲ್ಟ್ ಪ್ಯಾಡನ್ನು ಡ್ರಿಲ್ಲಿಗೆ ಸಿಕ್ಕಿಸಿ, ನಿಧಾನದ ವೇಗದಲ್ಲಿ, ಗೀರಿಗಿಂತ ಅಗಲವಾದ ಜಾಗದಲ್ಲಿ ಆಡಿಸಿ. ಒಂದೇ ಕಡೆ ಒತ್ತಿ ಹಿಡಿದರೆ ಅಲ್ಲಿ ತಗ್ಗು ಬಿದ್ದು, ಗೀರು ಹೋದರೂ ಆಚೆಗಿನ ದೃಶ್ಯ ಅಂಕುಡೊಂಕಾಗಿ ಕಾಣುತ್ತದೆ. ಒಣಗುತ್ತಿದ್ದಂತೆ ನೀರು ಚಿಮುಕಿಸುತ್ತಿರಿ. ಆಗಾಗ ನಿಲ್ಲಿಸಿ ಮುಂಗೈಯನ್ನು ತಾಗಿಸಿ ನೋಡಿ. ಗಾಜು ಬೆಚ್ಚಗಾಗಿದ್ದರೆ ತಣಿಯುವ ತನಕ ಕಾಯಲೇಬೇಕು, ಒಂದು ಕಡೆ ಮಾತ್ರ ಕಾದ ಗಾಜು ಸೀಳಿಬಿಡಬಹುದು. ಕೆಲಸವಾದ ಕೂಡಲೇ ಚೌಕಟ್ಟಿನ ಸಂದುಗಳನ್ನೂ ತೊಳೆಯಿರಿ, ಒಣಗಿದ ಪುಡಿ ಸುಲಭಕ್ಕೆ ಬಿಡುವುದಿಲ್ಲ. ಪ್ಯಾಡನ್ನು ಮುಚ್ಚಿದ ಚೀಲದಲ್ಲಿಡಿ: ಅದರೊಳಗೆ ಮರಳಿನ ಒಂದು ಹರಳು ಸೇರಿಕೊಂಡರೂ ಮುಂದಿನ ಸಲ ಹೊಸ ಗೀರು ಬೀಳುತ್ತದೆ.