ಕಿತ್ತಳೆ ಸಿಪ್ಪೆಯಿಂದ ಕಾರ್ಬನ್ ಡಾಟ್: ಹೊಳೆದ ಮಾತ್ರಕ್ಕೆ ಆಗಲಿಲ್ಲ

ಕಾಲೇಜು ಮಕ್ಕಳ ವಿಜ್ಞಾನ ಪ್ರಾಜೆಕ್ಟ್ ನೋಡಲು ಹೋದಾಗಲೆಲ್ಲ ಯಾವುದಾದರೂ ಒಂದು ಮೇಜಿನ ಮೇಲೆ ಕಂದು ನೀರಿನ ಶೀಸೆ, ಪಕ್ಕದಲ್ಲಿ ಯುವಿ ಟಾರ್ಚ್ ಇದ್ದೇ ಇರುತ್ತದೆ. ಲೈಟ್ ಆರಿಸಿ, ಟಾರ್ಚ್ ಬಿಟ್ಟು, ನೀಲಿ ಬೆಳಕು ತೋರಿಸಿ "ಸರ್, ಕಾರ್ಬನ್ ಡಾಟ್ ಬಂತು" ಅನ್ನುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ: "ಡಯಾಲಿಸಿಸ್ ಮಾಡಿದ್ರಾ?" ಅಂದರೆ ತೆಳು ಗೋಡೆಯ ಚೀಲದಲ್ಲಿ ಹಾಕಿ ನೀರಿನಲ್ಲಿ ಮುಳುಗಿಸಿ, ಬೇಡದ ಚಿಕ್ಕ ಅಣುಗಳನ್ನು ಹೊರಗೆ ಬಿಟ್ಟು ಶುದ್ಧ ಮಾಡಿದ್ರಾ ಅಂತ. ಅಲ್ಲಿಗೆ ಮಾತು ನಿಲ್ಲುತ್ತದೆ.

ಕಾರ್ಬನ್ ಡಾಟ್ ಅಂದರೆ 10 ನ್ಯಾನೊಮೀಟರ್‌ಗಿಂತ ಚಿಕ್ಕ ಇಂಗಾಲದ ಕಣ. ಕಣ್ಣಿಗೆ ಕಾಣದ ಯುವಿ ಬೆಳಕನ್ನು ಹೀರಿ, ಕಾಣುವ ಬೆಳಕನ್ನು ಕೊಡುತ್ತದೆ. ಇಂಗಾಲ ಇರುವ ಯಾವ ಕಸದಿಂದಲೂ ಮಾಡಬಹುದು: ಹಣ್ಣಿನ ಸಿಪ್ಪೆ, ಒಣ ಎಲೆ, ಕಾಫಿ ಚರಟ. ಹಳೇ ಕಾಗದವೂ ಆಗುತ್ತದೆ, ಆದರೆ ಕಲಿಯುವವರು ಅದನ್ನು ಮುಟ್ಟಬೇಡಿ. ಕಾಗದ ಬೆಳ್ಳಗೆ ಕಾಣಲೆಂದು ಹಾಕಿರುವ ರಾಸಾಯನಿಕ ತಾನೇ ನೀಲಿಯಾಗಿ ಹೊಳೆಯುತ್ತದೆ. ಹೊಳೆದದ್ದು ಯಾವುದು ಅಂತ ಆಮೇಲೆ ಗೊತ್ತೇ ಆಗುವುದಿಲ್ಲ. ನನ್ನ ಆಯ್ಕೆ ಕಿತ್ತಳೆ ಸಿಪ್ಪೆ.

ಇದು ಅಡುಗೆಮನೆ ಕೆಲಸ ಅಲ್ಲ, ಲ್ಯಾಬಿನ ಕೆಲಸ. ಜೊತೆಗೆ ಗೊತ್ತಿರುವವರು ಒಬ್ಬರು ಇರಲಿ.

1. ಸಿಪ್ಪೆ ತೊಳೆದು, ಒಣಗಿಸಿ, ಪುಡಿ ಮಾಡಿ. ಇದರಲ್ಲಿ ಹೇಳುವಂಥದ್ದೇನಿಲ್ಲ.

2. ಎರಡು ಗ್ರಾಂ ಪುಡಿಯನ್ನು 60 ಮಿಲಿ ಡಿಸ್ಟಿಲ್ಡ್ ನೀರಿನ ಜೊತೆ ಆಟೋಕ್ಲೇವ್‌ನ ಟೆಫ್ಲಾನ್ ಬಟ್ಟಲಿಗೆ ಹಾಕಿ. ಆಟೋಕ್ಲೇವ್ ಅಂದರೆ ಬಿಗಿಯಾಗಿ ಮುಚ್ಚಿ ಒತ್ತಡದಲ್ಲಿ ಕಾಯಿಸುವ ಪಾತ್ರೆ. ನಾನು ಹೇಳುತ್ತಿರುವುದು ಉಕ್ಕಿನ ಕವಚದ ಚಿಕ್ಕದು, 100 ಮಿಲಿಯದ್ದು. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ತುಂಬಬೇಡಿ. ಕೆಲವರು ಪ್ರೆಶರ್ ಕುಕ್ಕರ್ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಕುಕ್ಕರ್ ಒಳಗೆ 120 ಡಿಗ್ರಿಯ ಆಸುಪಾಸಿಗೆ ನಿಲ್ಲುತ್ತದೆ. ಸಿಪ್ಪೆ ಬೇಯುತ್ತದೆ, ಇಂಗಾಲ ಆಗುವುದಿಲ್ಲ.

ಬಟ್ಟಲು ಹಳೆಯದಾದರೆ ಹುಷಾರು. ಟೆಫ್ಲಾನ್ ಹಿಂದಿನವರ ಬಣ್ಣವನ್ನು ಒಳಗೆಳೆದುಕೊಂಡಿರುತ್ತದೆ. ಮೊದಲು ಬರೀ ನೀರು ಹಾಕಿ ಒಂದು ಸಲ ಕಾಯಿಸಿ ನೋಡಿ. ಆ ನೀರೇ ಹೊಳೆದರೆ ಬೇರೆ ಬಟ್ಟಲು ಹುಡುಕಿ.

3. 180 ಡಿಗ್ರಿ ಓವನ್‌ನಲ್ಲಿ ಆರು ಗಂಟೆ. ಆಮೇಲೆ ಓವನ್ ಆರಿಸಿ ಮನೆಗೆ ಹೋಗಿ, ಮಾರನೆಯ ದಿನ ಬಂದು ತೆಗೆಯಿರಿ. ಆ ಶಾಖದಲ್ಲಿ ಒಳಗೆ ಹಬೆಯ ಒತ್ತಡ ಹೊರಗಿನ ಗಾಳಿಯ ಸುಮಾರು ಹತ್ತು ಪಟ್ಟು ಇರುತ್ತದೆ. ಬೇಗ ಆರಲಿ ಅಂತ ನಲ್ಲಿ ಕೆಳಗೆ ಹಿಡಿಯುವವರನ್ನು ನೋಡಿದ್ದೇನೆ. ಅಂಥವರನ್ನು ಲ್ಯಾಬಿನಿಂದ ಹೊರಗೆ ಕಳಿಸಿಯೂ ಇದ್ದೇನೆ.

4. ತಳದ ಕಪ್ಪು ಚರಟವನ್ನು ಸೋಸಿ ತೆಗೆಯಿರಿ. ಸೆಂಟ್ರಿಫ್ಯೂಜ್ ಇದ್ದರೆ 10,000 ಆರ್‌ಪಿಎಂನಲ್ಲಿ ಹದಿನೈದು ನಿಮಿಷ ತಿರುಗಿಸಿ, ಮೇಲಿನ ನೀರನ್ನು 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಹಾಯಿಸಿ. ಟೀ ಡಿಕಾಕ್ಷನ್‌ನಂಥ ತಿಳಿ ಕಂದು ನೀರು ಸಿಗುತ್ತದೆ.

ಹೆಚ್ಚಿನವರು ಇಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ತಿಳಿಯಾಗಿದೆ, ಹೊಳೆಯುತ್ತಿದೆ, ಇನ್ನೇನು? ಸ್ವಲ್ಪ ಲೆಕ್ಕ ಹಾಕಿ. 0.22 ಮೈಕ್ರಾನ್ ಅಂದರೆ 220 ನ್ಯಾನೊಮೀಟರ್. ನಿಮ್ಮ ಡಾಟ್ ಹತ್ತಕ್ಕಿಂತ ಚಿಕ್ಕದು. ಆ ತೂತಿನಲ್ಲಿ ಡಾಟ್ ಜೊತೆಗೆ ಸಕ್ಕರೆ, ಆಮ್ಲ, ಅರೆಬೆಂದ ಚಿಕ್ಕ ಅಣುಗಳು ಎಲ್ಲವೂ ಆರಾಮಾಗಿ ನುಸುಳಿ ಬರುತ್ತವೆ. ಆ ಚಿಕ್ಕ ಅಣುಗಳಲ್ಲಿ ಕೆಲವು ಡಾಟ್‌ಗಿಂತ ಜೋರಾಗಿ ಹೊಳೆಯುತ್ತವೆ. ನೀವು ಖುಷಿಪಟ್ಟ ನೀಲಿ ಬೆಳಕು ಅವುಗಳದ್ದೇ ಇರಬಹುದು.

5. ಹಾಗಾಗಿ ಡಯಾಲಿಸಿಸ್. ಇಲ್ಲಿ ಅವಸರ ಬೇಡ.

1,000 ಡಾಲ್ಟನ್ (ಅಣುವಿನ ತೂಕದ ಅಳತೆ) ಮಿತಿಯ ಡಯಾಲಿಸಿಸ್ ಟ್ಯೂಬ್ ತನ್ನಿ. ಚಿಕ್ಕ ಅಣುಗಳು ಅದರ ಗೋಡೆ ದಾಟಿ ಹೊರಗೆ ಹೋಗುತ್ತವೆ, ಡಾಟ್ ಒಳಗೇ ಉಳಿಯುತ್ತದೆ. ಮಿತಿ ಬರೆಯದ, ಉದ್ದಕ್ಕೆ ಕತ್ತರಿಸಿ ಮಾರುವ ಅಗ್ಗದ ಟ್ಯೂಬ್ ಬೇಡ. ಎಷ್ಟೋ ಸಲ ಅದರ ಮಿತಿ ಹತ್ತು ಸಾವಿರಕ್ಕೂ ಜಾಸ್ತಿ ಇರುತ್ತದೆ. ಡಾಟ್ ಕೂಡ ನೀರುಪಾಲು.

ಟ್ಯೂಬನ್ನು ಡಿಸ್ಟಿಲ್ಡ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಳಗೂ ಹೊರಗೂ ತೊಳೆಯಿರಿ. ಗ್ಲೌಸ್ ಹಾಕಿಯೇ ಮುಟ್ಟಿ. ಒಂದು ತುದಿಯನ್ನು ಮಡಿಸಿ ಕ್ಲಿಪ್ ಹಾಕಿ. ಬರೀ ನೀರು ತುಂಬಿ ಮೆಲ್ಲಗೆ ಒತ್ತಿ ನೋಡಿ. ಸೋರದಿದ್ದರೆ ಆ ನೀರು ಚೆಲ್ಲಿ ನಿಮ್ಮ ಕಂದು ನೀರು ಹಾಕಿ. ಪೂರ್ತಿ ತುಂಬಬೇಡಿ, ಕಾಲು ಭಾಗ ಖಾಲಿ ಬಿಡಿ. ಒಳಗಿನ ಸಕ್ಕರೆಗೆ ಹೊರಗಿನ ನೀರು ನುಗ್ಗುತ್ತದೆ, ಚೀಲ ಉಬ್ಬುತ್ತದೆ. ಬಾಯಿಮಟ್ಟ ತುಂಬಿ ರಾತ್ರಿ ಬಿಟ್ಟು ಹೋದ ನನ್ನ ಮೊದಲ ಚೀಲ ಬೆಳಗ್ಗೆ ಕ್ಲಿಪ್ ಕಿತ್ತುಕೊಂಡು ಬಿದ್ದಿತ್ತು. ಬೀಕರ್ ತುಂಬ ಟೀ ಬಣ್ಣ.

ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಚೀಲ ಮುಳುಗಿಸಿ, ಸ್ಟಿರರ್ ಮೆಲ್ಲಗೆ ತಿರುಗಲಿ. ಮೊದಲು ಎರಡು ಗಂಟೆ ಬಿಟ್ಟು ಒಮ್ಮೆ, ಮತ್ತೆ ನಾಲ್ಕು ಗಂಟೆ ಬಿಟ್ಟು ಒಮ್ಮೆ, ಆಮೇಲೆ ಬೆಳಗ್ಗೆ ಸಂಜೆ ನೀರು ಬದಲಿಸಿ. ಪ್ರತಿ ಸಲವೂ ಚೆಲ್ಲುವ ಮುಂಚೆ ಹೊರಗಿನ ನೀರಿಗೆ ಟಾರ್ಚ್ ಬಿಡಿ. ಮೊದಲ ನೀರು ಚೆನ್ನಾಗಿಯೇ ಹೊಳೆಯುತ್ತದೆ. ಎರಡನೆಯದು ಸ್ವಲ್ಪ ಕಡಿಮೆ. ಹೊರಗಿನ ನೀರು ಪೂರ್ತಿ ಕತ್ತಲಾಗುವ ತನಕ ಬದಲಿಸುತ್ತಲೇ ಇರಿ. ಎರಡು ದಿನವಂತೂ ಬೇಕು. ಕೊನೆಗೆ ಹೊರಗೆ ಕತ್ತಲು, ಚೀಲದೊಳಗೆ ಬೆಳಕು ಇದ್ದರೆ ಕೈಯಲ್ಲಿ ಏನೋ ಉಳಿದಿದೆ ಅಂತ ಅರ್ಥ. ಒಳಗೂ ಕತ್ತಲಾದರೆ ಇಷ್ಟು ಹೊತ್ತು ಹೊಳೆದದ್ದು ಡಾಟ್ ಅಲ್ಲ, ಬರೀ ಬಣ್ಣದ ಅಣುಗಳು. ಬೇಜಾರಾಗುತ್ತದೆ, ನಿಜ.

ಕಾರ್ಬನ್ ಡಾಟ್ ಮೊದಲು ಕಣ್ಣಿಗೆ ಬಿದ್ದದ್ದೂ ಹೀಗೆ ಶುದ್ಧ ಮಾಡುವಾಗಲೇ. 2004ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದವರು ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಬೇಕೆಂದು ಮಸಿಯನ್ನು ಬೇರ್ಪಡಿಸುತ್ತಿದ್ದರು. ಹುಡುಕದೇ ಇದ್ದ ಹೊಳೆಯುವ ಕಣಗಳ ಪಟ್ಟಿಗಳು ಬಂದವು.

6. ಈಗ ಹೊಳಪು ನೋಡಿ. ಟಾರ್ಚ್ 365 ನ್ಯಾನೊಮೀಟರ್‌ನದ್ದೇ ಇರಲಿ, ಕಣ್ಣಿಗೆ ಯುವಿ ಕನ್ನಡಕ ಇರಲಿ. 395ರ ಅಗ್ಗದ ಟಾರ್ಚ್‌ನಲ್ಲಿ ನೇರಳೆ ಬೆಳಕು ಜಾಸ್ತಿ. ಗಾಜಿಗೆ ಬಡಿದು ವಾಪಸ್ ಬಂದ ನೇರಳೆಯನ್ನೇ ಹೊಳಪು ಅಂದುಕೊಂಡವರು ಎಷ್ಟೋ ಜನ.

ದ್ರಾವಣ ಗಾಢವಾಗಿದ್ದರೆ ಹೊಳೆಯದೆಯೂ ಇರಬಹುದು. ಎಸೆಯಬೇಡಿ. ಅದೇ ಕಂದು ಬಣ್ಣ ಟಾರ್ಚ್‌ನ ಬೆಳಕನ್ನು ಮೇಲ್ಮೈಯಲ್ಲೇ ನುಂಗುತ್ತಿರುತ್ತದೆ. ಒಂದು ಹನಿ ತೆಗೆದು ನೂರು ಪಟ್ಟು ನೀರಿಗೆ ಹಾಕಿ. ಕಂದು ಮಾಯವಾಗಿ ನೀಲಿ ಎದ್ದು ಬರುತ್ತದೆ. ಹೋದ ವರ್ಷ ಒಬ್ಬ ಹುಡುಗಿ ಸಿಂಕಿಗೆ ಸುರಿದುಬಿಟ್ಟಳು. ನಲ್ಲಿ ನೀರು ಬೆರೆತ ಮೇಲೆ ಸಿಂಕೇ ಹೊಳೆಯತೊಡಗಿತು.

ಪಕ್ಕದಲ್ಲಿ ಇನ್ನೊಂದು ಶೀಸೆ ಇಟ್ಟುಕೊಳ್ಳಿ: ಓವನ್‌ಗೆ ಹೋಗದ, ಸುಮ್ನೆ ಕುದಿಸಿ ಸೋಸಿದ ಸಿಪ್ಪೆ ನೀರು. ಅದಕ್ಕೂ ಇದೇ ಡಯಾಲಿಸಿಸ್ ಆಗಿರಬೇಕು. ಎರಡೂ ಒಂದೇ ಥರ ಹೊಳೆದರೆ ಆರು ಗಂಟೆ ಕಾಯಿಸಿದ್ದು ದಂಡ. ಶೀಸೆಗಳನ್ನು ಬಟ್ಟೆ ಸೋಪಿನ ಪುಡಿಯಲ್ಲಿ ತೊಳೆಯಬೇಡಿ, ಅದೂ ಹೊಳೆಯುತ್ತದೆ.

ಕಣ ಎಷ್ಟು ದೊಡ್ಡದು ಅಂತ ಹೇಳುವುದಕ್ಕೆ ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಬೇಕು. ಟಾರ್ಚ್ ನೋಡಿ ಚಾರ್ಟ್ ಮೇಲೆ 'ಸರಾಸರಿ 4 ನ್ಯಾನೊಮೀಟರ್' ಅಂತ ಬರೆಯಬೇಡಿ.

ಉಳಿದದ್ದನ್ನು ಕಂದು ಬಾಟಲಿಗೆ ಹಾಕಿ ಲ್ಯಾಬಿನ ಫ್ರಿಜ್‌ನಲ್ಲಿಡಿ. ಬಾಟಲಿ ಮೇಲೆ ದಿನಾಂಕ ಮತ್ತು ಎಷ್ಟು ಸಲ ನೀರು ಬದಲಿಸಿದಿರಿ ಅಂತ ಬರೆಯಿರಿ. ಬೂಷ್ಟು ಬಂದರೆ ಚೆಲ್ಲಿ, ಸಿಪ್ಪೆ ಒಣಗಿಸುವುದರಿಂದ ಮತ್ತೆ ಶುರು ಮಾಡಿ.