ಬೆಳಗ್ಗೆ ಆರರ ಜಿಗಿತ

ರಾಜ್ಯದ ವಿದ್ಯುತ್ ಬೇಡಿಕೆ, ಪೂರೈಕೆ ಸರಿದೂಗಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ನಾನು ಸೇರಿದಾಗ ದಕ್ಷಿಣದ ಗ್ರಿಡ್‌ನಲ್ಲಿ ಫ್ರೀಕ್ವೆನ್ಸಿ (50 ಹರ್ಟ್ಜ್ ಇರಬೇಕು, ಉತ್ಪಾದನೆಗಿಂತ ಬಳಕೆ ಜಾಸ್ತಿಯಾದರೆ ಇಳಿಯುತ್ತದೆ) 48ರ ಹತ್ತಿರಕ್ಕೆ ಇಳಿದರೂ ಯಾರೂ ಹೌಹಾರುತ್ತಿರಲಿಲ್ಲ. 2003ರ ಜನವರಿಯಲ್ಲಿ ಎಬಿಟಿ (ಅವೈಲೆಬಿಲಿಟಿ ಬೇಸ್ಡ್ ಟ್ಯಾರಿಫ್) ಅನ್ನುವ ದರ ಪದ್ಧತಿ ಬಂತು. ಯಾವ ರಾಜ್ಯವಾದರೂ ಮೊದಲೇ ಗೊತ್ತುಮಾಡಿದ ಶೆಡ್ಯೂಲ್‌ಗಿಂತ ಜಾಸ್ತಿ ವಿದ್ಯುತ್ ಎಳೆದರೆ ಆ ಹೊತ್ತಿನ ಫ್ರೀಕ್ವೆನ್ಸಿ ನೋಡಿ ದರ. ಆಗ 50.5 ಮುಟ್ಟಿದರೆ ಯೂನಿಟ್‌ಗೆ ಸೊನ್ನೆ, ಕೆಳಗಿಳಿದಷ್ಟೂ ದುಬಾರಿ. ಎಷ್ಟು ಫೋನ್ ಮಾಡಿದರೂ ಕೇಳದವರು ಬಿಲ್ ನೋಡಿ ಕೇಳಿದರು.

ಆದರೆ ಲೆಕ್ಕ 15 ನಿಮಿಷಕ್ಕೊಂದು, ದಿನಕ್ಕೆ 96 ಬ್ಲಾಕ್. ಮೊದಲ ಏಳು ನಿಮಿಷ ಜಾಸ್ತಿ ಎಳೆದು ಆಮೇಲೆ ಕಡಿಮೆ ಮಾಡಿದರೆ ಮೀಟರ್‌ಗೆ ನಾವು ಸಾಚಾ. ಗ್ರಿಡ್ ಮಾತ್ರ ಆ ಏಳು ನಿಮಿಷವೂ ಏದುಸಿರು ಬಿಡುತ್ತಿರುತ್ತದೆ. 2008ರಲ್ಲಿ ವಿದ್ಯುತ್ ಕೊಂಡು ಮಾರುವ ಪವರ್ ಎಕ್ಸ್‌ಚೇಂಜ್ ಶುರುವಾದ ಮೇಲೆ ಕೊಂಡ ವಿದ್ಯುತ್ತೂ ಬ್ಲಾಕ್ ಬದಲಾಗುವ ಗಳಿಗೆಗೇ ಮೆಟ್ಟಿಲಿನಂತೆ ಏರಿಳಿಯತೊಡಗಿತು.

ಇದರ ಮೇಲೆ ನಮ್ಮದೇ ಒಂದು ತಪ್ಪು ಇತ್ತು. ಬೆಳಗ್ಗೆ ಆರಕ್ಕೆ ಸರಿಯಾಗಿ ಪಂಪ್‌ಸೆಟ್ ಫೀಡರ್‌ಗಳ (ಸಬ್‌ಸ್ಟೇಷನ್‌ನಿಂದ ಹೊಲಗಳಿಗೆ ಹೋಗುವ ಲೈನ್‌ಗಳ) ತ್ರೀ ಫೇಸ್ ಪಾಳಿ ಬದಲಾಗುತ್ತಿತ್ತು. ಎಲ್ಲ ಸಬ್‌ಸ್ಟೇಷನ್‌ಗಳಲ್ಲೂ ಅದೇ ಆರು ಗಂಟೆ! ಒಂದು ದಿನ ನನ್ನ ಶಿಫ್ಟ್‌ನಲ್ಲಿ ಟೀ ಲೋಟ ಕೆಳಗಿಡುವಷ್ಟರಲ್ಲಿ ಲೋಡ್ ಗೋಡೆಯ ಹಾಗೆ ಎದ್ದು ನಿಂತಿತು. ದಕ್ಷಿಣದ್ದು ಆಗ ಪ್ರತ್ಯೇಕ ಗ್ರಿಡ್. ನಮ್ಮೊಬ್ಬರ ಜಿಗಿತವೇ ಫ್ರೀಕ್ವೆನ್ಸಿಯಲ್ಲಿ ಕಾಣುತ್ತಿತ್ತು.

ಮಾಡಿದ್ದು ಸುಮ್ನೆ ಸಣ್ಣ ಕೆಲಸ. ಫೀಡರ್‌ಗಳನ್ನು ಗುಂಪು ಮಾಡಿ, 5.45ರಿಂದ 6.15ರವರೆಗೆ ಮೂರು ಮೂರು ನಿಮಿಷ ಬಿಟ್ಟು ಹಾಕಲು ಹೇಳಿದೆ. ಅದಕ್ಕೂ ಮುಂಚೆ ಶರಾವತಿ ಜಲವಿದ್ಯುತ್ ಕೇಂದ್ರಕ್ಕೆ ಫೋನ್. ಅಲ್ಲಿ 103.5 ಮೆಗಾವ್ಯಾಟ್‌ನ ಹತ್ತು ಮಿಷನ್‌ಗಳಿವೆ. ನಿಂತಿದ್ದ ಮಿಷನ್ ಕೆಲವೇ ನಿಮಿಷದಲ್ಲಿ ಲೋಡ್ ತಗೊಳ್ಳುತ್ತದೆ. ತಣ್ಣಗಾದ ಕಲ್ಲಿದ್ದಲು ಘಟಕಕ್ಕೆ ಗಂಟೆಗಟ್ಟಲೆ ಬೇಕು.

ಕಷ್ಟವಾಗಿದ್ದು ಇನ್ನೊಂದು. "ಪಕ್ಕದೂರಿಗೆ ಮೊದಲು ಕರೆಂಟ್ ಯಾಕೆ?" ಅಂತ ರೈತರು ಸಬ್‌ಸ್ಟೇಷನ್‌ಗೆ ಬಂದರು. ಕೇಳಿದ್ದು ನ್ಯಾಯವೇ ಅಲ್ವಾ? ವಾರಕ್ಕೊಮ್ಮೆ ಸರದಿ ಬದಲಿಸಿದೆವು. ಗಲಾಟೆ ತಣ್ಣಗಾಯಿತು. ಆರರ ಗೋಡೆಯೂ ಇಳಿಜಾರಾಯಿತು.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ನಾವೂ ದೇಶದ ಗ್ರಿಡ್‌ಗೆ ಸೇರಿದೆವು. ಈಗ ಫ್ರೀಕ್ವೆನ್ಸಿ 49.90ರಿಂದ 50.05ರೊಳಗೆ ಇರಬೇಕು. ಪಂಪ್‌ಸೆಟ್‌ಗಳ ಲೋಡ್ ಬಹುಪಾಲು ಹಗಲಿನ ಸೋಲಾರ್ ಹೊತ್ತಿಗೆ ಹೋಗಿದೆ. ತಲೆನೋವು ಸಂಜೆಗೆ ಬಂದಿದೆ. ಪಾವಗಡದ 2,050 ಮೆಗಾವ್ಯಾಟ್ ಪಾರ್ಕ್ ಬಿಸಿಲಿನ ಜೊತೆ ಇಳಿಯುತ್ತಾ ಹೋಗುತ್ತದೆ, ಅದೇ ಹೊತ್ತಿಗೆ ಮನೆಮನೆಯ ದೀಪ ಹತ್ತುತ್ತವೆ. ಫೋನ್ ಹೋಗುವುದು ಈಗಲೂ ಶರಾವತಿಗೇ. "ಆರಕ್ಕಾ ಸಾರ್, ಐದೂಮುಕ್ಕಾಲಿಗಾ?" ಅಂತ ಆ ಕಡೆಯಿಂದಲೇ ಕೇಳುತ್ತಾರೆ.